ಹಳಿಗೆ ಬಂದ ಮೇಲೆ ಉಳಿಯುವುದು

ರೈಲು ಕನ್ನಡಕ್ಕೆ ಕೊಟ್ಟ ನುಡಿಗಟ್ಟುಗಳಲ್ಲಿ ‘ಹಳಿ ತಪ್ಪುವುದು’ ಎಂಬುದರಷ್ಟು ಬಳಕೆಗೆ ಬಂದದ್ದು ಇನ್ನೊಂದಿರಲಾರದು. ಆಡಳಿತ ಹಳಿ ತಪ್ಪುತ್ತದೆ, ಮಾತುಕತೆ ಹಳಿ ತಪ್ಪುತ್ತದೆ, ಕೆಲವೊಮ್ಮೆ ಸಂಸಾರವೂ ಹಳಿ ತಪ್ಪುತ್ತದೆ. ಎಲ್ಲ ಸರಿಹೋಯಿತು ಎನ್ನಬೇಕಾದಾಗ ‘ಮತ್ತೆ ಹಳಿಗೆ ಬಂತು’ ಎನ್ನುವುದು ವಾಡಿಕೆ. ಆದರೆ ಊರಿಂದ ದೂರದ ಹೊಲಗಳ ನಡುವೆ ಗೂಡ್ಸ್ ರೈಲೊಂದು ನಿಜವಾಗಿಯೇ ಹಳಿ ತಪ್ಪಿದಾಗ, ಅದು ಹಳಿಗೆ ಬಂದೊಡನೆ ಎಲ್ಲವೂ ಸರಿಹೋಗುತ್ತದೆಯೆ?

ಮಾರ್ಗ ತೆರವಾಗಿ ಮೊದಲ ಗಾಡಿ ದಾಟಿತೆಂದರೆ ರೈಲ್ವೆಯ ಲೆಕ್ಕದಲ್ಲಿ ದೊಡ್ಡ ಕೆಲಸ ಮುಗಿದಂತೆ. ಪತ್ರಿಕೆಗಳಲ್ಲಿ ‘ಸಂಚಾರ ಪುನರಾರಂಭ’ ಎಂಬ ಸುದ್ದಿ ಬರುತ್ತದೆ, ಅಲ್ಲಿಗೆ ಸುದ್ದಿಯೂ ಮುಗಿಯುತ್ತದೆ. ಹಳಿಯ ಪಕ್ಕದ ಹೊಲ, ಹಳ್ಳ, ಕೆರೆಗಳ ಲೆಕ್ಕ ಆರಂಭವಾಗುವುದು ಆಮೇಲೆಯೇ. ಈ ಎರಡು ಲೆಕ್ಕಗಳ ನಡುವಿನ ಅಂತರವನ್ನು ಅರಿಯಲು ವಿಜಯನಗರ ಜಿಲ್ಲೆಯ ತಾಲ್ಲೂಕುಗಳಷ್ಟು ಸೂಕ್ತವಾದ ಜಾಗ ಮತ್ತೊಂದಿಲ್ಲ.

ಬರಗಾಲ ತಂದ ಹಳಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟ ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯನ್ನು ಬಿಟ್ಟರೆ ಇರುವುದು ಈ ಐದೇ ತಾಲ್ಲೂಕುಗಳು. ಜೋಳ, ಮೆಕ್ಕೆಜೋಳ, ಶೇಂಗಾ, ಈರುಳ್ಳಿ ಬೆಳೆಯುವ, ಮಳೆಯನ್ನೇ ನೆಚ್ಚಿದ ಸೀಮೆ. ಕೂಡ್ಲಿಗಿ, ಹಡಗಲಿ ಪಟ್ಟಣಗಳಿಗೆ ರೈಲಿನ ಭಾಗ್ಯ ಬರಲಿಲ್ಲ. ಉಳಿದ ಮೂರನ್ನು ಹೊಸಪೇಟೆಗೆ ಕಟ್ಟಿಹಾಕಿರುವುದು ಒಂದೇ ಒಂದು ರೈಲು ಮಾರ್ಗ.

ಈ ಹಳಿಯ ಹುಟ್ಟಿಗೆ ಕಾರಣ ಬರ. 1876–78ರ ಭೀಕರ ಕ್ಷಾಮವನ್ನು ಈ ಭಾಗದವರು ಧಾತು–ಈಶ್ವರ ಸಂವತ್ಸರಗಳ ಬರ ಎಂದು ನೆನೆಯುತ್ತಿದ್ದರು. ಬಳ್ಳಾರಿ ಸೀಮೆ ಅದರಲ್ಲಿ ಅತಿ ಹೆಚ್ಚು ನರಳಿದ ಪ್ರದೇಶಗಳಲ್ಲೊಂದು. ಧಾನ್ಯ ಎಲ್ಲೋ ಇತ್ತು, ಹಸಿದವರು ಇಲ್ಲಿದ್ದರು. ಧಾನ್ಯವನ್ನು ಎಳೆದು ತರಬೇಕಾದ ಎತ್ತುಗಳೇ ಮೇವು, ನೀರಿಲ್ಲದೆ ಸಾಯುತ್ತಿದ್ದವು. ಇದರಿಂದ ಪಾಠ ಕಲಿತ ಬ್ರಿಟಿಷ್ ಸರ್ಕಾರ 1880ರ ಕ್ಷಾಮ ಆಯೋಗದ ಸಲಹೆಯಂತೆ ‘ರಕ್ಷಣಾ ರೈಲು’ಗಳನ್ನು ಹಾಕಲು ಹೊರಟಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿದ್ದು ಹಾಗೆ. ಹೊಸಪೇಟೆಯಿಂದ ಮರಿಯಮ್ಮನಹಳ್ಳಿ, ಹಗರಿಬೊಮ್ಮನಹಳ್ಳಿ ಮಾರ್ಗವಾಗಿ ಕೊಟ್ಟೂರಿಗೆ ಸುಮಾರು 70 ಕಿಲೋಮೀಟರ್ ಉದ್ದದ ಮೀಟರ್‌ಗೇಜ್ ಕವಲು ಬಂದದ್ದು 20ನೇ ಶತಮಾನದ ಮೊದಲ ದಶಕದಲ್ಲಿ.

ನೂರು ವರ್ಷಗಳಲ್ಲಿ ಈ ಹಳಿಯ ಕಸುಬು ಬದಲಾಯಿತು. ಮೀಟರ್‌ಗೇಜ್ ಹೋಗಿ ಬ್ರಾಡ್‌ಗೇಜ್ ಬಂತು. ಕೊಟ್ಟೂರಿನಿಂದ ಹರಪನಹಳ್ಳಿ ಮೂಲಕ ಹರಿಹರದವರೆಗೆ ಸುಮಾರು 65 ಕಿಲೋಮೀಟರ್ ಹೊಸ ಮಾರ್ಗ ಕೂಡಿಕೊಂಡಿತು. ಹೊಸಪೇಟೆ ಭಾಗದ ಸರಕು ಹುಬ್ಬಳ್ಳಿಯನ್ನು ಸುತ್ತಿ ಬರುವ ಬದಲು ನೇರವಾಗಿ ಹರಿಹರಕ್ಕೆ ಇಳಿಯಬಹುದಾಯಿತು. ಸ್ವಾರಸ್ಯವೆಂದರೆ, ಬ್ರಾಡ್‌ಗೇಜ್ ಆದ ಮೇಲೆ ಎಷ್ಟೋ ವರ್ಷ ಇಲ್ಲಿ ಗೂಡ್ಸ್ ಗಾಡಿಗಳಿಗಷ್ಟೇ ದಾರಿಯಿತ್ತು. ಪ್ರಯಾಣಿಕರ ಗಾಡಿಗಾಗಿ ಜನ ಹೋರಾಟ ಮಾಡಬೇಕಾಯಿತು. ಹೊಸಪೇಟೆ–ಹರಿಹರ ಪ್ಯಾಸೆಂಜರ್ ಓಡತೊಡಗಿದ್ದು 2019ರಲ್ಲಿ. ಅನ್ನ ತರಲೆಂದು ಹಾಕಿದ ಹಳಿ, ಅದಿರಿನ ಸೀಮೆಯ ಸರಕು ಸಾಗಿಸುವ ಹಳಿಯಾಯಿತು.

ತೇರು ಮತ್ತು ವ್ಯಾಗನ್

ಭಾರದ ಗಾಲಿಯನ್ನು ದಾರಿಯಲ್ಲಿ ಹಿಡಿದಿಡುವುದೆಂದರೇನು ಎಂಬುದನ್ನು ಕೊಟ್ಟೂರಿನವರಿಗೆ ಹೇಳಿಕೊಡಬೇಕಾಗಿಲ್ಲ. ಗುರು ಕೊಟ್ಟೂರೇಶ್ವರ ಸ್ವಾಮಿಯ ರಥೋತ್ಸವದಲ್ಲಿ ಹಗ್ಗ ಎಳೆಯುವವರು ಸಾವಿರ ಮಂದಿಯಿದ್ದರೂ, ತೇರು ಎತ್ತ ತಿರುಗಬೇಕು ಎಂದು ತೀರ್ಮಾನಿಸುವುದು ಗಾಲಿಯ ಬುಡದಲ್ಲಿ ಮರದ ತುಂಡು, ಸನ್ನೆಗೋಲು ಹಿಡಿದು ನಿಂತ ಕೆಲವೇ ಮಂದಿ. 2017ರ ಫೆಬ್ರವರಿಯಲ್ಲಿ ಅಚ್ಚು ಮುರಿದು ಆ ತೇರು ಉರುಳಿಬಿದ್ದ ದೃಶ್ಯವನ್ನು ನಾಡೇ ಟಿ.ವಿ.ಯಲ್ಲಿ ನೋಡಿತು. ಕೆಲವರು ಗಾಯಗೊಂಡರು. ಹೊರಗೆ ಗಟ್ಟಿಯಾಗಿ ಕಂಡದ್ದು ಒಳಗೆ ಸೋತಿರಬಹುದು ಎಂಬ ಪಾಠವನ್ನು ಆ ದಿನ ಕಲಿಸಿತು.

ರೈಲಿಗೆ ಮರದ ತುಂಡೂ ಇಲ್ಲ, ಸನ್ನೆಗೋಲೂ ಇಲ್ಲ. ಗಾಲಿಯನ್ನು ಹಳಿಯ ಮೇಲೆ ಇರಿಸುವುದು ಅದರ ಒಳಬದಿಯ ಅಂಚು. ಹೊಸ ಗಾಲಿಯಲ್ಲಿ ಈ ಅಂಚು ಕೆಳಕ್ಕೆ ಚಾಚಿರುವುದು ಮೂರು ಸೆಂಟಿಮೀಟರಿಗೂ ಕಡಿಮೆ, ಎಂದರೆ ಎರಡು ಬೆರಳಿನ ಅಗಲಕ್ಕಿಂತ ಹೆಚ್ಚಿಲ್ಲ. ಅದಿರು, ಕಲ್ಲಿದ್ದಲು ಸಾಗಿಸುವ ಸಾಮಾನ್ಯ ‘ಬಾಕ್ಸ್‌ಎನ್’ ಮಾದರಿಯ ತೆರೆದ ವ್ಯಾಗನ್ ಖಾಲಿಯಿದ್ದಾಗ 22 ಟನ್ ದಾಟುತ್ತದೆ. ಸರಕು ತುಂಬಿದ ಮೇಲೆ ಮೂಲ ವಿನ್ಯಾಸದ ಪ್ರಕಾರವೇ ಸುಮಾರು 81 ಟನ್ ತೂಗುತ್ತದೆ. ಅಂಥ ಐವತ್ತೆಂಟು, ಐವತ್ತೊಂಬತ್ತು ವ್ಯಾಗನ್ನುಗಳು ಕೂಡಿದರೆ ಒಂದು ಪೂರ್ಣ ಗಾಡಿ. ಇಷ್ಟು ಭಾರಕ್ಕೆ ದಾರಿ ತೋರುವುದು ಎರಡು ಬೆರಳಷ್ಟು ಉಕ್ಕು ಎಂದರೆ ಅಚ್ಚರಿಯಾದೀತು.

ಆ ಅಂಚು ಹಳಿಯನ್ನು ಹತ್ತಿ ಇಳಿಯಲು ಕಾರಣಗಳು ಹಲವು. ಬಿಸಿಲಿಗೆ ಹಿಗ್ಗಿದ ಹಳಿ ಹಾವಿನಂತೆ ಬಾಗುತ್ತದೆ, ಚಳಿಗೆ ಕುಗ್ಗಿದ ಹಳಿ ಬೆಸುಗೆಯಲ್ಲಿ ಬಿರುಕು ಬಿಡುತ್ತದೆ. ಮಳೆಯಲ್ಲಿ ಏರಿಯ ಮಣ್ಣು ಕುಸಿದರೆ ಎರಡು ಹಳಿಗಳ ಮಟ್ಟ ಏರುಪೇರಾಗುತ್ತದೆ. ಸರಕನ್ನು ಒಂದೇ ಬದಿಗೆ ತುಂಬಿದರೆ ಇನ್ನೊಂದು ಬದಿಯ ಗಾಲಿ ಹಗುರವಾಗುತ್ತದೆ. ಬೇರಿಂಗ್ ಕಾದು ಅಚ್ಚೇ ತುಂಡಾಗುವುದೂ ಉಂಟು. ಕೊಟ್ಟೂರಿನ ತೇರಿನಂತೆಯೇ, ಹೆಚ್ಚಿನ ಸಂದರ್ಭಗಳಲ್ಲಿ ತಪ್ಪು ಹುಟ್ಟುವುದು ಕಣ್ಣಿಗೆ ಕಾಣದ ಕಡೆ.

ಮೊದಲ ಗಂಟೆಗಳು

ಗಾಡಿ ಹಳಿ ತಪ್ಪಿದ ಕೂಡಲೇ ಮೊದಲು ಆಗಬೇಕಾದದ್ದು ಎತ್ತುವ ಕೆಲಸವಲ್ಲ, ತಡೆಯುವ ಕೆಲಸ. ಮತ್ತೊಂದು ಗಾಡಿ ಬಂದು ಅಪ್ಪಳಿಸಬಾರದು. ಗಾರ್ಡ್, 2022ರಿಂದೀಚೆಗೆ ಈ ಹುದ್ದೆಯ ಹೆಸರು ಟ್ರೇನ್ ಮ್ಯಾನೇಜರ್, ಕೈದೀಪ ಮತ್ತು ಕೆಂಪು ಬಾವುಟ ಹಿಡಿದು ಹಳಿಯ ಗುಂಟ ನಡೆಯುತ್ತಾರೆ. ಬ್ರಾಡ್‌ಗೇಜ್‌ನಲ್ಲಿ 600 ಮೀಟರ್ ದೂರದಲ್ಲಿ ಒಂದು, 1,200 ಮೀಟರ್ ದೂರದಲ್ಲಿ ಮೂರು ಎಚ್ಚರಿಕೆಯ ಪಟಾಕಿಗಳನ್ನು ಹಳಿಗೆ ಕಟ್ಟಬೇಕೆಂಬುದು ನಿಯಮ. ಎದುರಿನ ಗಾಡಿಯ ಗಾಲಿ ಅದರ ಮೇಲೆ ಹರಿದರೆ ದೊಡ್ಡ ಸದ್ದಾಗಿ ಚಾಲಕ ಎಚ್ಚೆತ್ತುಕೊಳ್ಳುತ್ತಾನೆ. ವಾಕಿಟಾಕಿ, ಮೊಬೈಲ್ ಬಂದ ಮೇಲೂ ಈ ನಿಯಮ ಉಳಿದುಕೊಂಡಿದೆ. ಏಕೆಂದರೆ ಸಿಗ್ನಲ್ ಸಿಗದ ಜಾಗದಲ್ಲಿ ಸದ್ದೇ ನಂಬಿಕೆಯ ದೂತ.

ಅತ್ತ ಡಿಪೋದಲ್ಲಿ ಸೈರನ್ ಕೂಗುತ್ತದೆ. ಉದ್ದ ಮತ್ತು ಗಿಡ್ಡ ಕೂಗುಗಳ ಎಣಿಕೆಯಿಂದಲೇ ಅವಘಡ ಎಂಥದು, ಮುಖ್ಯ ಮಾರ್ಗ ಮುಚ್ಚಿದೆಯೆ, ವೈದ್ಯರು ಬೇಕೆ ಎಂಬುದು ರೈಲ್ವೆ ಕಾಲೊನಿಯ ಮನೆಮನೆಗೂ ತಿಳಿಯುತ್ತದೆ. ಅಪಘಾತ ಪರಿಹಾರ ರೈಲು ಹಗಲಾದರೆ 30 ನಿಮಿಷಗಳಲ್ಲಿ, ರಾತ್ರಿಯಾದರೆ 45 ನಿಮಿಷಗಳಲ್ಲಿ ಹೊರಡಬೇಕು. ಜಾಕಿ, ಉಕ್ಕಿನ ಹಗ್ಗ, ಗ್ಯಾಸ್ ಕಟರ್, ಜನರೇಟರ್, ಅಡಿಗೆ ಸಾಮಾನು ಎಲ್ಲವೂ ಅದರಲ್ಲಿ ಸದಾ ಸಿದ್ಧ. ಹೊಸಪೇಟೆ–ಕೊಟ್ಟೂರು ಭಾಗಕ್ಕೆ ದೊಡ್ಡ ಕ್ರೇನ್ ಹುಬ್ಬಳ್ಳಿಯಿಂದ ಬರಬೇಕಾದರೆ, ಹೊಸಪೇಟೆಯವರೆಗೇ ಸುಮಾರು 145 ಕಿಲೋಮೀಟರ್, ಕೊಟ್ಟೂರಿಗೆ ಮತ್ತೆ 70. ನಿಮಿಷಗಳಲ್ಲಿ ಹೊರಟ ಗಾಡಿ ಮುಟ್ಟುವುದು ಗಂಟೆಗಳ ಮೇಲೆ.

ಈ ನಡುವೆ ಸ್ಥಳದಲ್ಲಿ ಒಂದು ತಿಕ್ಕಾಟ ಶುರುವಾಗಿರುತ್ತದೆ. ಮಾರ್ಗ ಬೇಗ ತೆರವಾಗಲಿ ಎನ್ನುವ ಒತ್ತಡ ಒಂದು ಕಡೆ, ಸಾಕ್ಷ್ಯ ಅಳಿಸಬಾರದೆನ್ನುವ ನಿಯಮ ಮತ್ತೊಂದು ಕಡೆ. ಗಾಲಿಯ ಅಂಚು ಹಳಿಯನ್ನು ಹತ್ತಿದ ಜಾಗ, ಹತ್ತಿ ಒಂದಿಷ್ಟು ದೂರ ಓಡಿ ಕೆಳಕ್ಕೆ ಬಿದ್ದ ಜಾಗ, ಸ್ಲೀಪರ್‌ಗಳ ಮೇಲಿನ ಮೊದಲ ಗಾಯ, ಮುರಿದ ತುಂಡಿನ ಬಣ್ಣ. ಮುರಿದ ಮೈ ಹೊಳೆಯುತ್ತಿದ್ದರೆ ಗಾಯ ಹೊಸದು, ತುಕ್ಕು ಹಿಡಿದಿದ್ದರೆ ಹಳೆಯದು. ಬೇರೆಬೇರೆ ವಿಭಾಗಗಳ ಮೇಲ್ವಿಚಾರಕರು ಕೂಡಿ ಇವನ್ನೆಲ್ಲ ಅಳೆದು, ಬರೆದು, ಸಹಿ ಹಾಕಬೇಕು. ಕ್ರೇನ್ ಕೊಕ್ಕೆ ಹಾಕಿದ ಮೇಲೆ ಈ ಗುರುತುಗಳು ಮತ್ತೆ ಸಿಗುವುದಿಲ್ಲ.

ಎತ್ತುವ ವಿದ್ಯೆ

140 ಟನ್ ಸಾಮರ್ಥ್ಯದ ಕ್ರೇನು 81 ಟನ್ನಿನ ವ್ಯಾಗನ್ನನ್ನು ಸುಲಭವಾಗಿ ಎತ್ತೀತು ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ತುಂಬಿದ ಕೊಡವನ್ನು ಸೊಂಟದ ಮೇಲೆ ಹೊರುವುದಕ್ಕೂ ಚಾಚಿದ ಕೈಯಲ್ಲಿ ಹಿಡಿಯುವುದಕ್ಕೂ ಎಷ್ಟು ವ್ಯತ್ಯಾಸವಿದೆಯೋ ಇಲ್ಲಿಯೂ ಅಷ್ಟೇ. ಕ್ರೇನಿನ ತೋಳು ಚಾಚಿದಷ್ಟೂ ಅದರ ಶಕ್ತಿ ಇಳಿಯುತ್ತದೆ. ಏರಿಯಿಂದ ಕೆಳಕ್ಕೆ ಉರುಳಿದ ವ್ಯಾಗನ್ನನ್ನು ಎತ್ತಬೇಕಾದರೆ ಮೊದಲು ಅದರ ಸರಕನ್ನು ತೆಗೆಯಬೇಕಾದೀತು. ಕ್ರೇನಿನ ಕಾಲುಗಳನ್ನು ಎರಡೂ ಬದಿಗೆ ಹರಡಿ, ಮರದ ದಿಮ್ಮಿಗಳ ಮೇಲೆ ನಿಲ್ಲಿಸಬೇಕು. ಮಳೆಗೆ ನೆಂದ ಎರೆಮಣ್ಣಿನಲ್ಲಿ ಆ ದಿಮ್ಮಿಗಳೇ ಹೂತುಹೋಗಬಹುದು.

ಒಂಟಿ ಮಾರ್ಗದಲ್ಲಿ ಇನ್ನೊಂದು ತೊಡಕಿದೆ. ಬಿದ್ದ ಗಾಡಿಯನ್ನು ದಾಟಿ ಕ್ರೇನ್ ಆಚೆಗೆ ಹೋಗಲಾರದು. ಎರಡೂ ಕಡೆಯಿಂದ ಕೆಲಸ ನಡೆಯಬೇಕಾದರೆ ಎರಡೂ ಕಡೆಯಿಂದ ಹಳಿ ಬೇಕು. ಕೊಟ್ಟೂರು ಕೊನೆಯ ನಿಲ್ದಾಣವಾಗಿದ್ದ ಕಾಲದಲ್ಲಿ ಅದು ಸಾಧ್ಯವಿರಲಿಲ್ಲ. ಹರಿಹರದ ಕೊಂಡಿ ಬೆಸೆದ ಮೇಲೆ ಸಾಧ್ಯವಾಗಿದೆ. ಸುರಂಗದಂಥ ಇಕ್ಕಟ್ಟಿನಲ್ಲಿ, ವಿದ್ಯುತ್ ತಂತಿಯ ಕೆಳಗೆ ಕ್ರೇನ್ ತೋಳು ಎತ್ತುವಂತಿಲ್ಲ. ಅಲ್ಲಿ ಹೈಡ್ರಾಲಿಕ್ ಜಾಕಿಗಳೇ ಗತಿ. ವ್ಯಾಗನ್ನನ್ನು ಅಂಗುಲ ಅಂಗುಲವಾಗಿ ಎತ್ತಿ, ಉಕ್ಕಿನ ತೊಲೆಯ ಮೇಲೆ ಅಡ್ಡಕ್ಕೆ ಸರಿಸಿ, ಹಳಿಯ ಮೇಲೆ ಇಳಿಸುತ್ತಾರೆ. ದುರಸ್ತಿಗೆ ಬಾರದಷ್ಟು ನುಜ್ಜಾದ ವ್ಯಾಗನ್ನುಗಳನ್ನು ಪಕ್ಕಕ್ಕೆ ತಳ್ಳಿ ದಾರಿ ಬಿಡಿಸಿಕೊಳ್ಳುತ್ತಾರೆ. ಅವು ಗುಜರಿಯಾಗಿ ಹರಾಜಾಗುವವರೆಗೂ ಅಲ್ಲೇ ಬಿದ್ದಿರುವುದುಂಟು.

ಆಮೇಲೆ ಹಳಿಯ ಸರದಿ. ಒಂದು ಕಿಲೋಮೀಟರಿಗೆ 1,660ರಂತೆ ಜೋಡಿಸಿದ ಕಾಂಕ್ರೀಟ್ ಸ್ಲೀಪರ್‌ಗಳು ಗಾಲಿಯ ಏಟಿಗೆ ಸಾಲಾಗಿ ಒಡೆದಿರುತ್ತವೆ. ಅವನ್ನು ಕಿತ್ತು, ಜಲ್ಲಿ ಹರಡಿ, ಹೊಸ ಹಳಿ ಜೋಡಿಸಿ, ಬಿಗಿದು, ಮಟ್ಟ ನೋಡುವುದು ಗ್ಯಾಂಗ್‌ಮನ್‌ಗಳ ಪಾಲಿನ ದುಡಿಮೆ. ಮೊದಲ ಗಾಡಿ ಎತ್ತಿನ ಬಂಡಿಯ ಗತಿಯಲ್ಲಿ ದಾಟುತ್ತದೆ. ಜಲ್ಲಿ ಗಟ್ಟಿಯಾದಂತೆ ವೇಗದ ಮಿತಿಯನ್ನು ಹಂತಹಂತವಾಗಿ ಏರಿಸುತ್ತಾರೆ.

ದೂಧ್‌ಸಾಗರದ ಇಳಿಜಾರಿನಲ್ಲಿ

ದುರ್ಗಮ ಜಾಗದಲ್ಲಿ ಈ ಎಲ್ಲ ಕೆಲಸ ಎಷ್ಟು ಕಷ್ಟ ಎಂಬುದಕ್ಕೆ ನಮ್ಮದೇ ನೈರುತ್ಯ ರೈಲ್ವೆಯ ಹುಬ್ಬಳ್ಳಿ ವಿಭಾಗದ ಉದಾಹರಣೆಯೊಂದಿದೆ. 2024ರ ಆಗಸ್ಟ್ 9ರ ಬೆಳಿಗ್ಗೆ 9.35ರ ಸುಮಾರಿಗೆ, ಗೋವಾ ಗಡಿಯೊಳಗಿನ ಸೊನಾವಳಿ ಮತ್ತು ದೂಧ್‌ಸಾಗರ ನಿಲ್ದಾಣಗಳ ನಡುವೆ, ಸರಕು ತುಂಬಿದ ಗೂಡ್ಸ್ ರೈಲಿನ 17 ವ್ಯಾಗನ್ನುಗಳು ಹಳಿ ತಪ್ಪಿದವು. ಕ್ಯಾಸಲ್‌ರಾಕ್‌ನಿಂದ ಕುಳೆಗೆ ಇಳಿಯುವ ಈ ಬ್ರಗಾಂಝಾ ಘಟ್ಟದಲ್ಲಿ ಪ್ರತಿ 37 ಅಡಿಗೆ ಒಂದು ಅಡಿಯ ಇಳಿಜಾರು. ಒಂದು ಬದಿ ಬೆಟ್ಟ, ಇನ್ನೊಂದು ಬದಿ ಕಣಿವೆ, ನಡುವೆ ಸುರಂಗಗಳು, ಮೇಲೆ ಆಗಸ್ಟ್ ತಿಂಗಳ ಮಳೆ. ರಸ್ತೆಯ ಆಸರೆ ನೆಚ್ಚುವಂತಿಲ್ಲದ ಕಾಡು.

ಹುಬ್ಬಳ್ಳಿಯಿಂದ 140 ಟನ್ ಕ್ರೇನ್ ಸಹಿತ ಪರಿಹಾರ ರೈಲು, ಕ್ಯಾಸಲ್‌ರಾಕ್ ಮತ್ತು ವಾಸ್ಕೊ ಕಡೆಯಿಂದ ಇನ್ನೆರಡು ಹೊರಟವು. ಎರಡೂ ತುದಿಯಿಂದ ಕೆಲಸ ನಡೆಯಿತು. ಗೋವಾ ಕಡೆಯ ಹಲವು ಗಾಡಿಗಳು ರದ್ದಾದವು, ಕೆಲವು ಬೇರೆ ದಾರಿ ಹಿಡಿದವು. ಮರ್ಮಗೋವಾ ಬಂದರಿಗೆ ಬಂದಿಳಿದ ಕಲ್ಲಿದ್ದಲು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಬರುವುದು ಇದೇ ಘಟ್ಟವನ್ನು ಏರಿ. ಘಟ್ಟದಲ್ಲಿ ಹಳಿ ತಪ್ಪಿದರೆ ಬಳ್ಳಾರಿ ಸೀಮೆಗೂ ಬಿಸಿ ತಟ್ಟುವುದು ಈ ಕಾರಣಕ್ಕೆ. ದಿನಕ್ಕೆಷ್ಟು ಗಾಡಿ, ಎಷ್ಟು ಸರಕು ನಿಂತಿತು ಎಂಬ ಲೆಕ್ಕ ಮೇಲಧಿಕಾರಿಗಳ ಕಣ್ಣ ಮುಂದೆ ಇರುತ್ತದೆ. ಕಣಿವೆಗೆ ಜಾರಿದ್ದೆಷ್ಟು ಎಂಬ ಲೆಕ್ಕವನ್ನು ಅಷ್ಟೇ ಅವಸರದಿಂದ ಕೇಳುವವರು ಕಡಿಮೆ.

ನೆಲದ ಲೆಕ್ಕ

ಇಂಥದೇ ಅವಘಡ ಹಗರಿಬೊಮ್ಮನಹಳ್ಳಿಗೂ ಕೊಟ್ಟೂರಿಗೂ ನಡುವೆ ಆಯಿತೆಂದು ಇಟ್ಟುಕೊಳ್ಳಿ. ಬಿದ್ದ ಸರಕು ಯಾವುದು ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಅದಿರು ತೂಕದ ವಸ್ತು. ವ್ಯಾಗನ್ನಿನ ಅರ್ಧದಷ್ಟು ತುಂಬುವ ಮೊದಲೇ ತೂಕದ ಮಿತಿ ಮುಟ್ಟುತ್ತದೆ. ಹಾಗಾಗಿ ರಾಶಿ ನೋಡಲು ಚಿಕ್ಕದು. ದಪ್ಪ ಕಲ್ಲನ್ನು ಯಂತ್ರ ಬಾಚಿಕೊಳ್ಳುತ್ತದೆ, ಪುಡಿ ಮಣ್ಣಿನಲ್ಲಿ ಬೆರೆತು ಉಳಿಯುತ್ತದೆ. ಮೊದಲ ಹದ ಮಳೆಗೆ ಅದು ಕೆಂಪಾಗಿ ಹರಿದು ಹಳ್ಳ ಸೇರುತ್ತದೆ, ಹೊಲದಲ್ಲಿ ನಿಂತದ್ದು ಒಣಗಿ ಹೆಪ್ಪುಗಟ್ಟಿ ಮೊಳಕೆಯನ್ನು ತಡೆಯುತ್ತದೆ. ರಸಗೊಬ್ಬರ ಚೀಲದ ಲೆಕ್ಕದಲ್ಲಿ ಬಿದ್ದರೆ ಪೈರಿಗೆ ಆಹಾರ, ಟನ್ ಲೆಕ್ಕದಲ್ಲಿ ಬಿದ್ದರೆ ಬೇರು ಸುಡುವ ಉಪ್ಪು. ಅದೇ ಕೆರೆ ಸೇರಿದರೆ ಪಾಚಿ ಹಬ್ಬಿ ಮೀನಿಗೆ ಉಸಿರು ಕಟ್ಟುತ್ತದೆ. ಡೀಸೆಲ್ ಮಣ್ಣಿನೊಳಕ್ಕೆ ಇಳಿದು ಬಾವಿಯ ನೀರಿಗೂ ತಲುಪಬಲ್ಲದು.

ಈ ಭಾಗದ ಹಳ್ಳಗಳ ನೀರು ಕೊನೆಗೆ ಸೇರುವುದು ತುಂಗಭದ್ರೆಯ ಹಿನ್ನೀರನ್ನು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ ಸಾವಿರಾರು ಹಕ್ಕಿಗಳ ನೆಲೆ. 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿದೆ. ಬರದ ಸೀಮೆಯಲ್ಲಿ ನೀರಿನ ಪ್ರತಿ ಸೆಲೆಯೂ ಊರಿನ ಆಸ್ತಿ. ಅದನ್ನು ಕಲಕುವುದು ಹಳಿ ಕಿತ್ತುಹೋಗುವುದಕ್ಕಿಂತ ಸಣ್ಣ ನಷ್ಟವಲ್ಲ.

ಎರಡು ಲೆಕ್ಕಗಳನ್ನು ಬೇರೆಯಾಗಿಟ್ಟರೆ ಏನಾಗುತ್ತದೆ ಎಂಬುದನ್ನು ಅಮೆರಿಕದ ಒಂದು ಸಣ್ಣ ಊರು ತೋರಿಸಿಕೊಟ್ಟಿತು. 2023ರ ಫೆಬ್ರವರಿ 3ರಂದು ಓಹಿಯೊ ರಾಜ್ಯದ ಈಸ್ಟ್ ಪ್ಯಾಲೆಸ್ಟೈನ್‌ನಲ್ಲಿ, ಕಾದು ಸೋತ ಬೇರಿಂಗ್ ಒಂದರಿಂದಾಗಿ ಗೂಡ್ಸ್ ರೈಲಿನ 38 ವ್ಯಾಗನ್ನುಗಳು ಹಳಿ ತಪ್ಪಿದವು. ಅವುಗಳಲ್ಲಿ 11 ಟ್ಯಾಂಕರ್‌ಗಳಲ್ಲಿ ಅಪಾಯಕಾರಿ ರಾಸಾಯನಿಕಗಳಿದ್ದವು. ಮೂರು ದಿನಗಳ ಬಳಿಕ ಐದು ಟ್ಯಾಂಕರ್‌ಗಳ ವಿನೈಲ್ ಕ್ಲೋರೈಡನ್ನು ಬೇಕೆಂದೇ ಸುಡಲಾಯಿತು. ಅದು ಅಗತ್ಯವಿರಲಿಲ್ಲವೆಂದು 2024ರಲ್ಲಿ ಅಲ್ಲಿನ ತನಿಖಾ ಮಂಡಳಿಯೇ ಹೇಳಿತು. ವಾರ ಕಳೆಯುವುದರೊಳಗೆ ಹಳಿ ಹಾಕಿ ಗಾಡಿಗಳನ್ನು ಓಡಿಸಿದ್ದೂ ಆಯಿತು. ಆದರೆ ಆ ಹಳಿಯ ಕೆಳಗೇ ವಿಷ ಬೆರೆತ ಮಣ್ಣಿತ್ತು! ಜನ ಪಟ್ಟು ಹಿಡಿದ ಮೇಲೆ ಮಾರ್ಚ್‌ನಲ್ಲಿ ಮತ್ತೆ ಹಳಿ ಕಿತ್ತು, ಮಣ್ಣು ಅಗೆದು ಸಾಗಿಸಬೇಕಾಯಿತು. ಆ ಕೆಲಸ ಜೂನ್‌ವರೆಗೆ ಹಿಡಿಯಿತು. ಅವಸರದಲ್ಲಿ ಹಾಕಿದ ಹಳಿಯನ್ನು ಎರಡು ಸಲ ಹಾಕಬೇಕಾದ ಪ್ರಸಂಗ ಇದು.

ಕೇಳುವ ಹಕ್ಕು

ನಮ್ಮಲ್ಲಿ ಕಾನೂನು ಏನು ಹೇಳುತ್ತದೆ? 1989ರ ರೈಲ್ವೆ ಕಾಯ್ದೆಯ 14ನೇ ಕಲಮಿನಂತೆ, ಏರಿ ಮೊದಲಾದ ರೈಲ್ವೆ ಕಾಮಗಾರಿಗೆ ಅಪಘಾತ ಸಂಭವಿಸಿದಾಗ ರೈಲ್ವೆ ಆಡಳಿತ ಪಕ್ಕದ ಜಮೀನನ್ನು ಪ್ರವೇಶಿಸಿ ದುರಸ್ತಿ ಮಾಡಬಹುದು. ಜೆಸಿಬಿ, ಲಾರಿಗಳು ನಿಂತ ಪೈರಿನ ಮೇಲೆ ದಾರಿ ಮಾಡಿಕೊಂಡಾಗ ರೈತ ತಡೆಯಲಾಗದು. ಆದರೆ 15ನೇ ಕಲಮಿನಂತೆ, ಹಾಗೆ ಮಾಡಿದ ಹಾನಿಗೆ ಹಣ ಕೊಡಲೇಬೇಕು. ಮೊತ್ತದ ಬಗ್ಗೆ ತಕರಾರು ಬಂದರೆ ಅದು ಜಿಲ್ಲಾ ನ್ಯಾಯಾಧೀಶರ ಮುಂದೆ ಹೋಗಬೇಕು. ಚೆಲ್ಲಿದ ಸರಕಿನಿಂದ ನೆಲ, ನೀರು ಕೆಟ್ಟರೆ 2010ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಪರಿಹಾರವನ್ನಷ್ಟೇ ಅಲ್ಲ, ಪರಿಸರವನ್ನು ಮೊದಲಿನಂತೆ ಮಾಡಿಕೊಡಿ ಎಂದು ಆದೇಶಿಸುವ ಅಧಿಕಾರವೂ ಇದೆ.

ಇನ್ನೊಂದು ಎಚ್ಚರಿಕೆಯ ಮಾತು. ಬಿದ್ದದ್ದು ಯಾರದೂ ಅಲ್ಲ ಎಂದು ಕಲ್ಲಿದ್ದಲನ್ನೋ ಗೊಬ್ಬರವನ್ನೋ ಬುಟ್ಟಿಯಲ್ಲಿ ತುಂಬಿಕೊಂಡು ಹೋದರೆ, 1966ರ ರೈಲ್ವೆ ಸ್ವತ್ತಿನ ಕಾಯ್ದೆಯಡಿ ಅದು ಅಪರಾಧವಾಗಬಹುದು. ರೈಲ್ವೆಯ ಸುಪರ್ದಿನಲ್ಲಿರುವ ಸರಕೂ ರೈಲ್ವೆ ಸ್ವತ್ತೇ. ಇದರ ಇನ್ನೊಂದು ಮುಖವನ್ನೂ ಊರವರು ನೆನಪಿಡಬೇಕು. ಎತ್ತಿಕೊಂಡರೆ ಕಳ್ಳತನವಾಗುವಷ್ಟು ಆ ಸರಕು ರೈಲ್ವೆಯದಾದರೆ, ಎತ್ತದೆ ಬಿಟ್ಟಾಗ ಅದರ ಹೊಣೆಯೂ ರೈಲ್ವೆಯದೇ ಆಗಬೇಕಲ್ಲವೆ?

ಹಕ್ಕು ಇದ್ದರೆ ಸಾಲದು, ಸಾಕ್ಷಿ ಬೇಕು. ಹಳಿಯ ಗುರುತುಗಳನ್ನು ಮೇಲ್ವಿಚಾರಕರು ಅಳೆದು ಸಹಿ ಹಾಕುವಂತೆ ನೆಲದ ಗುರುತುಗಳನ್ನೂ ಆಗಲೇ ಬರೆದಿಡಬೇಕು. ಗ್ರಾಮ ಆಡಳಿತ ಅಧಿಕಾರಿಯ ಪಂಚನಾಮೆ, ದಿನಾಂಕವಿರುವ ಚಿತ್ರಗಳು, ಬಿದ್ದ ಸರಕು ಯಾವುದು, ಎಷ್ಟು ಎಂಬ ಲಿಖಿತ ಮಾಹಿತಿ, ರೈತ ಸಂಪರ್ಕ ಕೇಂದ್ರದ ಮೂಲಕ ಮಣ್ಣಿನ ಪರೀಕ್ಷೆ, ಹಳ್ಳ ಹಾಗೂ ಬಾವಿಯ ನೀರಿನ ಮಾದರಿ. ಒಂದು ಮಳೆ ಬಿದ್ದರೆ ಇವೂ ಕ್ರೇನಿನ ಕೊಕ್ಕೆ ಬಿದ್ದ ಸಾಕ್ಷ್ಯದಂತೆ ಅಳಿಸಿಹೋಗುತ್ತವೆ.

ಹಳಿ ದುರಸ್ತಿಗೆ ನಿಮಿಷಗಳ ಲೆಕ್ಕದ ನಿಯಮಗಳಿವೆ, ಸೈರನ್ ಇದೆ, ಸದಾ ಸಿದ್ಧವಿರುವ ರೈಲಿದೆ. ಅದೆಲ್ಲ ನೂರೈವತ್ತು ವರ್ಷಗಳ ಅನುಭವದಿಂದ ಬಂದ ಶಿಸ್ತು, ಅದಕ್ಕೆ ತಲೆಬಾಗಲೇಬೇಕು. ನೆಲದ ದುರಸ್ತಿಗೆ ಅಂಥ ಗಡಿಯಾರ ಇನ್ನೂ ಬಂದಿಲ್ಲ. ಬರಗಾಲದಲ್ಲಿ ಜನರನ್ನು ಉಳಿಸಲೆಂದು ಹಾಕಿದ ಹಳಿಯ ಬದಿಯಲ್ಲಿ, ಜನರ ಅನ್ನ ಹುಟ್ಟುವ ಹೊಲವೂ ಮೊದಲಿನಂತಾದಾಗಲೇ ‘ಮತ್ತೆ ಹಳಿಗೆ ಬಂತು’ ಎಂಬ ಮಾತಿಗೆ ಅರ್ಥ ಬಂದೀತು.